ಯಾವ ಕಾರ್ಖಾನೆಯ ಎಂಜಿನ್?

ಲಾರಿ ಕಂದಕದಲ್ಲಿ ಮಗುಚಿ ಬಿದ್ದಿತ್ತು. ಕ್ಯಾಬಿನ್ನಿನ ತಗಡು ಕತ್ತರಿಸಿ ಚಾಲಕನನ್ನು ಹೊರತೆಗೆಯುವಷ್ಟರಲ್ಲಿ ಅವನ ಮೈ ತಣ್ಣಗಾಗಿತ್ತು. ಮೇಲೆ, ಇಳಿಜಾರಿನ ರಸ್ತೆಯಲ್ಲಿ ಟೈರಿನ ಕಪ್ಪು ಗೆರೆಗಳು—ಓಡುತ್ತಿದ್ದ ಎಂಜಿನ್ ಹಠಾತ್ತನೆ ಬಿಗಿದುಕೊಂಡು ಹಿಂದಿನ ಚಕ್ರಗಳನ್ನು ಕಚ್ಚಿ ಹಿಡಿದಿತ್ತು.

ತನಿಖಾಧಿಕಾರಿ ಮೇಡಂ ಅವರ ಜೀಪು ಓಡಿಸುವುದು ನನ್ನ ಕೆಲಸ. ಅವರಿಂದ ಬೈಸಿಕೊಳ್ಳುವುದು ಉಪಕಸುಬು. ಅವರು ಕಂದಕಕ್ಕಿಳಿದರು. ಸೀಳಿದ್ದ ಎಂಜಿನ್ನಿನೊಳಗೆ ಬೆರಳು ತೂರಿಸಿ ಕೆರೆದು, ಕರ್ಚೀಫಿಗೆ ಒರೆಸಿ, ಮಡಿಸಿ ಜೇಬಿಗಿಟ್ಟುಕೊಂಡರು. ಕೆಂಪಗೆ ಏನೋ ಅಂಟಿತ್ತು. ತುಕ್ಕು ಅಂದುಕೊಂಡೆ ನಾನು.

ಸಂಜೆಯೊಳಗೆ ಬೀದಿಯ ಬಾಯಿ ತೀರ್ಪು ಕೊಟ್ಟಾಗಿತ್ತು: ಡ್ರೈವರ್ ಕುಡಿದಿದ್ದ, ನೀರು ಹಾಕದೆ ಓಡಿಸಿದ, ಸತ್ತ. ಅವನ ಹೆಂಡತಿ ಮಾತ್ರ ನಮ್ಮ ಕಚೇರಿಯ ಬಾಗಿಲು ಬಿಟ್ಟು ಕದಲಲಿಲ್ಲ.

"ಮಗಳನ್ನ ಶಾಲೇಲಿ ಕುಡುಕನ ಮಗಳು ಅಂತಿದಾರೆ, ಮೇಡಂ. ಹೋದವರು ಬರಲ್ಲ. ಅವರ ಹೆಸರಾದ್ರೂ ವಾಪಸ್ ಕೊಡಿಸಿ."

ಶವಪರೀಕ್ಷೆಯಲ್ಲಿ ಮದ್ಯದ ಸುಳಿವೇ ಇರಲಿಲ್ಲ. ಆದರೆ ಬೀದಿ ಎಲ್ಲಿ ಶವಪರೀಕ್ಷೆ ಓದುತ್ತದೆ?

ಮೊದಲು ಲಾರಿಯ ಮಾಲೀಕ. ಅವನದೇ ಗ್ಯಾರೇಜು, ಅವನದೇ ಲಾರಿ.

"ಎಂಜಿನ್ ಯಾವ ಕಾರ್ಖಾನೇದು?"

"ಹೊಳೆ ಪಕ್ಕದ ಹಳೇ ಕಾರ್ಖಾನೇದು. ನಂಬರ್ ನೋಡಿ, ಕಾಗದ ನೋಡಿ. ಗುಡ್ಡದ ಕಾರ್ಖಾನೆಯವು ಬಿಸಿಯಾದ್ರೆ ಸೀಳುತ್ವೆ ಅಂತ ಎಲ್ಲಾ ಗುಜರಿಗೆ ಹಾಕಿದ್ರಲ್ಲ—ಅವನ್ನ ನಾನ್ಯಾಕೆ ಮುಟ್ಲಿ?"

"ನೀವು ಬಿಚ್ಚಿ ನೋಡಿದ್ದೀರಾ?"

"ನಾನಾ? ನನಗೆ ಬಾನೆಟ್ ಎತ್ತೋಕೂ ಬರಲ್ಲ. ಎಲ್ಲಾ ಮೆಕ್ಯಾನಿಕ್ ನೋಡ್ಕೋತಾನೆ."

ನಂಬರ್ ತಾಳೆಯಾಯಿತು. ಆದರೂ ನನಗೆ ಅವನ ಮೇಲೇ ಗುಮಾನಿ. ಜೀಪಿನಲ್ಲಿ ಹಾಗೆಂದೆ.

"ನೀನು ರಸ್ತೆ ನೋಡು" ಅಂದರು ಮೇಡಂ.

ಮೆಕ್ಯಾನಿಕ್ ಸತ್ತವನ ಒಡಹುಟ್ಟಿದ ತಮ್ಮ. ಅಣ್ಣನ ಮನೆಯಲ್ಲೇ ವಾಸ. ನಾವು ಹೋದಾಗ ಅಣ್ಣನ ಮಗಳ ತಲೆ ನೇವರಿಸುತ್ತಾ ಕೂತಿದ್ದ. ಮೇಡಂ ಹುಡುಗಿಯನ್ನು ಪಕ್ಕದ ಮನೆಗೆ ಕಳಿಸಿದರು.

"ಎಂಜಿನ್ ಕೊನೇ ಸಲ ಬಿಚ್ಚಿದ್ದು ಯಾರು?"

"ನಾನೇ, ಹೋದ ತಿಂಗಳು. ನಮ್ಮಣ್ಣ ಓಡಿಸೋ ಗಾಡಿ, ಬೇರೆಯವರ ಕೈಗೆ ಕೊಡ್ತೀನಾ? ಒಳಗಿನ ನೀರಿನ ದಾರಿನೆಲ್ಲ ತೊಳೆದು ಕೂರಿಸಿದೆ."

"ಆದರೂ ಸೀಳಿತು?"

"ಏನ್ ಹೇಳ್ಲಿ ಮೇಡಂ... ಅಣ್ಣ ನೀರು ನೋಡ್ಕೋತಿರಲಿಲ್ಲ."

"ತೊಳೆದಾಗ ಮರಳು ಬಂತಾ?"

"ಬರದೇ ಇರುತ್ತಾ? ಎರಕದ ಮರಳು ಎಷ್ಟು ತೊಳೆದ್ರೂ ಮೂಲೇಲಿ ಸ್ವಲ್ಪ ಉಳಿಯುತ್ತೆ."

"ಯಾವ ಬಣ್ಣ?"

"ಕಪ್ಪು. ಹೊಳೆ ಮರಳಲ್ವಾ? ಆ ಕಾರ್ಖಾನೇದು ಯಾವಾಗ್ಲೂ ಕಪ್ಪೇ."

ಮೇಡಂ ಕರ್ಚೀಫನ್ನು ಮೇಜಿನ ಮೇಲೆ ಬಿಚ್ಚಿದರು.

"ಮುಟ್ಟಿ ನೋಡು."

ಅವನು ಮುಟ್ಟಲಿಲ್ಲ. ನಾನು ಮುಟ್ಟಿದೆ. ತುಕ್ಕಲ್ಲ, ಬೆರಳಿಗೆ ಹರಳು ಹರಳಾಗಿ ಸಿಕ್ಕಿತು.

"ಎರಡು ಕಾರ್ಖಾನೆಯವರೂ ಎಂಜಿನ್ನನ್ನ ಮರಳಿನ ಅಚ್ಚಲ್ಲೇ ಎರಕ ಹೊಯ್ತಾರೆ" ಎಂದರು ಮೇಡಂ. "ಹೊಳೆ ಪಕ್ಕದವರದು ಕಪ್ಪು ಮರಳು, ಗುಡ್ಡದವರದು ಕೆಂಪು. ಹೊರಗಿನ ನಂಬರ್ ಉಜ್ಜಿ ಬೇರೆ ಹೊಡೀಬಹುದು. ಒಳಗಿನ ಮರಳನ್ನ ಏನ್ ಮಾಡ್ತೀಯ? ನಿಮ್ಮ ಮಾಲೀಕ ಮೋಸ ಹೋಗಿರಬಹುದು, ನಿಮ್ಮಣ್ಣನೂ ಮೋಸ ಹೋಗಿರಬಹುದು—ಅವರಿಬ್ಬರೂ ಒಳಗೆ ನೋಡಿಲ್ಲ. ನೋಡಿದವನು ನೀನೊಬ್ಬನೇ. ಕಂಡದ್ದು ಕೆಂಪು. ಹೇಳಿದ್ದು ಕಪ್ಪು. ಯಾಕೆ?"

ಗೋಡೆ ಕಡೆ ತಿರುಗಿ ಕೂತ. ಗೋಡೆಗೇ ಹೇಳಿದ.

"ಇಳಿಸುವಾಗ ಚೈನು ಜಾರಿ ಹಳೇ ಎಂಜಿನ್ ಬಿದ್ದು ಒಡೀತು. ಕೆಲಸ ಹೋಗುತ್ತೆ ಅಂತ ಹೆದರಿದೆ. ಗುಜರಿಯಿಂದ ಇದನ್ನ ತಂದು ಕೂರಿಸಿದೆ. ನಂಬರ್ ನಾನೇ ಹೊಡೆದೆ. ನಿಧಾನಕ್ಕೆ ಓಡಿಸಿದ್ರೆ ತಡಿಯುತ್ತೆ ಅಂದ್ಕೊಂಡೆ."

"ನಿಧಾನಕ್ಕೆ ಓಡಿಸು ಅಂತ ಅಣ್ಣನಿಗೆ ಹೇಳಿದ್ಯಾ?"

ಇಲ್ಲವೆಂದು ತಲೆಯಾಡಿಸಿದ.

"ಕುಡಿದಿದ್ದ ಅಂತ ಸುದ್ದಿ ಹಬ್ಬಿಸಿದ್ದು?"

ತಲೆ ತಗ್ಗಿಸಿದ. ಆ ಕ್ಷಣ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು ನನಗೆ. ನನ್ನ ಕೈ ನಾನೇ ಹಿಡಿದುಕೊಂಡೆ.

ಅಡುಗೆಮನೆಯ ಬಾಗಿಲಲ್ಲಿ ಅವನ ಅತ್ತಿಗೆ, ಸತ್ತವನ ಹೆಂಡತಿ, ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅವರಿಗೆ ಗೊತ್ತಿತ್ತಾ?"

"ಇಲ್ಲ ಅತ್ತಿಗೆ. ಹೊರಡೋವಾಗ ಅಣ್ಣ ಬೆನ್ನು ತಟ್ಟಿದ. ನಿನ್ನ ಕೈಗುಣ ದೊಡ್ಡದು ಕಣೋ, ಗಾಡಿ ಹೊಸದರ ಹಾಗಿದೆ ಅಂದ."

ಅವಳು ಬೈಯಲಿಲ್ಲ, ಅಳಲಿಲ್ಲ. ನಡೆದುಹೋಗಿ ಬೀದಿ ಬಾಗಿಲನ್ನು ಪೂರ್ತಿ ತೆರೆದಳು. ಹೊರಗೆ ನೆರೆಹೊರೆಯವರು ಕಿವಿ ನಿಮಿರಿಸಿಕೊಂಡು ನಿಂತಿದ್ದರು. ಅವರ ನಡುವೆ ಹುಡುಗಿಯೂ ಇದ್ದಳು.

"ಅವರು ಕುಡಿದಿದ್ರು ಅಂತ ಯಾವ ಬಾಯಲ್ಲಿ ಹೇಳಿದ್ಯೋ, ಅದೇ ಬಾಯಲ್ಲಿ ಇದನ್ನೂ ಹೇಳು. ಜೋರಾಗಿ ಹೇಳು. ನನ್ನ ಮಗಳಿಗೆ ಕೇಳಿಸಬೇಕು."

ಮೇಡಂ ಬೇಡಿ ತೊಡಿಸದೆ ಕಾದರು. ಅವನು ಹೊಸ್ತಿಲ ಮೇಲೆ ನಿಂತು, ಹುಡುಗಿಯ ಮುಖ ನೋಡಲಾರದೆ, ಎಲ್ಲವನ್ನೂ ಹೇಳಿದ.