ಲೋರೆನ್ ಸಾಯದ ಭಾನುವಾರ

1978ರ ಅಕ್ಟೋಬರ್ 11, ಬುಧವಾರ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಲಾಸ್ ಏಂಜಲೀಸಿನ ಒಂದು ಪೊಲೀಸ್ ಠಾಣೆಗೆ ಆರ್ವಿಲ್ ಪೆಟಿಜಾನ್ ಎಂಬಾತ ಏದುಸಿರು ಬಿಡುತ್ತ ಬಂದ. ಹಾಲಿವುಡ್ಡಿನ ಒಂದು ಸಣ್ಣ ರೇಡಿಯೋ ಕೇಂದ್ರದ ಮ್ಯಾನೇಜರ್. ದೂರು ಕಳ್ಳತನದ್ದು. ಕಳುವಾದ ವಸ್ತು ಒಂದು ಟೇಪಿನ ಸುರುಳಿ. ಅದರಲ್ಲಿದ್ದದ್ದು 'ಒಂದೇ ಕಿರೀಟ' ನಾಟಕದ ಕೊನೆಯ ಕಂತು.

ದೂರು ಬರೆದುಕೊಳ್ಳುತ್ತಿದ್ದ ಆಫೀಸರ್ ಪೆಗಿ ಲಿಂಡ್‌ಕ್ವಿಸ್ಟ್ ಪೆನ್ನು ಕೆಳಗಿಟ್ಟಳು. "ಕೊನೆ ಕಂತಾ? ಭಾನುವಾರ ಬರಬೇಕಿದ್ದದ್ದಾ? ಅಯ್ಯೋ, ನಮ್ಮಮ್ಮ ನನ್ನ ಸುಮ್ನೆ ಬಿಡಲ್ಲ!"

ಪಕ್ಕದ ಮೇಜಿನ ಡಿಟೆಕ್ಟಿವ್ ರೂಬೆನ್ ಆರ್ಚುಲೆಟಾ ಕಾಫಿ ಲೋಟ ಹಿಡಿದು ಎದ್ದು ಬಂದ. ಆ ರೇಡಿಯೋ ನಾಟಕವನ್ನು ಅವನ ಮನೆಯಲ್ಲೂ ಕೇಳುತ್ತಿದ್ದರು. ಲೋರೆನ್ ಡೆಲ್ಮಾರ್ ಮತ್ತು ಐರಿಸ್ ವಾಲ್ಡೆನ್, ನಲವತ್ತು ವರ್ಷಗಳ ಹಿಂದಿನ ಇಬ್ಬರು ತಾರೆಯರು, ಹಾವು ಮುಂಗುಸಿಗಳ ಹಾಗೆ ಕಚ್ಚಾಡಿದವರು. ಒಂದೇ ಪಾತ್ರಕ್ಕೆ ಇಬ್ಬರೂ ಹಟ ಹಿಡಿದದ್ದು, ಒಂದೇ ಔತಣಕ್ಕೆ ಇಬ್ಬರೂ ಒಂದೇ ಥರದ ಹಸಿರು ಗೌನು ತೊಟ್ಟು ಬಂದದ್ದು, ಐರಿಸಳ ಷೂವಿನ ಹಿಮ್ಮಡಿಯನ್ನು ಲೋರೆನ್ ಗರಗಸದಲ್ಲಿ ಅರ್ಧ ಕೊಯ್ಯಿಸಿದ್ದಳೆಂಬ ಗುಮಾನಿ, ಇವೆಲ್ಲ ಆ ಊರಿನ ಮನೆಮಾತು. ಲೋರೆನ್ ತೀರಿಕೊಂಡು ಹನ್ನೆರಡು ವರ್ಷ ಕಳೆದಿತ್ತು. ಐರಿಸ್ ಇನ್ನೂ ಇದ್ದಳು. ಪ್ರತಿ ಭಾನುವಾರ ಸಂಜೆ ರೇಡಿಯೋದಲ್ಲಿ ಅವರಿಬ್ಬರೂ ಮತ್ತೆ ಜಗಳಕ್ಕೆ ನಿಲ್ಲುತ್ತಿದ್ದರು, ಊರು ಊಟ ಬಿಟ್ಟು ಕೇಳುತ್ತಿತ್ತು.

"ಕೊನೆ ಕಂತಲ್ಲಿ ಏನಿದೆ?" ಆರ್ಚುಲೆಟಾ ಕೇಳಿದ.

"ಲೋರೆನ್ ಸಾಯ್ತಾಳೆ. ಐರಿಸ್ ನೋಡೋಕೂ ಬರಲ್ಲ. ಕೇಳಿದ್ರೆ ಕಲ್ಲೂ ಅಳಬೇಕು, ಅಷ್ಟು ಚೆನ್ನಾಗಿ ಬಂದಿತ್ತು."

"ಮತ್ತೆ ರೆಕಾರ್ಡ್ ಮಾಡ್ಕೊಳ್ಳಿ."

"ಅದೇ ಆಗ್ತಿಲ್ಲವಲ್ಲ! ಲೋರೆನ್ ಪಾತ್ರದ ಡಾಟಿ ಫಿಂಚ್‌ಗೆ ನಿನ್ನೆಯಿಂದ ಗಂಟಲೇ ಇಲ್ಲ. ಪಿಸುಗುಟ್ತಾಳೆ ಅಷ್ಟೆ. ಅವಳ ದನಿ ಬಿಟ್ರೆ ಲೋರೆನ್ ಇಲ್ಲ. ಭಾನುವಾರ ಕಂತು ಬರದಿದ್ರೆ ಜಾಹೀರಾತಿನವರು ಕೈ ಕೊಡ್ತಾರೆ, ನಾನು ಬೀದಿಗೆ ಬೀಳ್ತೀನಿ."

ಪೆಟಿಜಾನ್ ಇನ್ನೊಂದು ಸಂಗತಿಯನ್ನೂ ತಂದಿದ್ದ. ಹಿಂದಿನ ರಾತ್ರಿ ಕೇಂದ್ರಕ್ಕೆ ಒಂದು ಅನಾಮಧೇಯ ಕರೆ ಬಂದಿತ್ತು. ಕೇಂದ್ರದ ಫೋನುಗಳೆಲ್ಲ ರೆಕಾರ್ಡ್ ಆಗುತ್ತಿದ್ದುದರಿಂದ ಅದರ ಟೇಪು ಸಿಕ್ಕಿತ್ತು. ಗಡಸು ಗಂಡಸಿನ ದನಿ.

"ಮಿಸ್ಟರ್ ಪೆಟಿಜಾನ್, ಟೇಪು ನನ್ನ ಹತ್ರ ಇದೆ. ಕೇಳಿಸ್ತಾ, ಮಿಸ್ಟರ್ ಪೆಟಿಜಾನ್? ಲೋರೆನ್ ಸಾಯಕೂಡದು. ಅವಳು ಬದುಕೋ ಹಾಗೆ ಬರೆಸಿ, ಮಿಸ್ಟರ್ ಪೆಟಿಜಾನ್, ಆಮೇಲೆ ಮಾತಾಡೋಣ."

ದುಡ್ಡಿನ ಮಾತೇ ಇರಲಿಲ್ಲ. ಲಿಂಡ್‌ಕ್ವಿಸ್ಟ್ ತಲೆ ಕೆರೆದುಕೊಂಡಳು. "ಯಾರೋ ಹುಚ್ಚು ಅಭಿಮಾನಿ ಇರಬೇಕು."

ಆರ್ಚುಲೆಟಾ ಟೇಪನ್ನು ಮತ್ತೊಮ್ಮೆ ಹಾಕಿಸಿ ಕೇಳಿದ. ಅವನ ತಾಯಿ ಊರವರ ಬಟ್ಟೆ ಇಸ್ತ್ರಿ ಮಾಡಿ ಮಕ್ಕಳನ್ನು ಸಾಕಿದವಳು. ಇಸ್ತ್ರಿ ಮೇಜಿನ ಕೆಳಗೆ ಕೂತು ರೇಡಿಯೋ ನಾಟಕ ಕೇಳುತ್ತಲೇ ಅವನು ಇಂಗ್ಲಿಷ್ ಕಲಿತದ್ದು. ಹಾಗಾಗಿ ಮೊದಮೊದಲು ಶಾಲೆಯಲ್ಲಿ ಮಾತಿಗೊಮ್ಮೆ ಎದುರಿನವರ ಹೆಸರು ಹೇಳಿ ನಗೆಪಾಟಲಾಗಿದ್ದ.

"ಪೆಗಿ, ನಿನ್ನ ಗಂಡ ನಿನ್ನ ಹೆಸರು ಹಿಡಿದು ಕೂಗೋದು ಯಾವಾಗ?"

"ಸಿಟ್ಟು ಬಂದಾಗ. ಯಾಕೆ?"

"ಇವನು ಮೂರು ಮಾತಿಗೆ ಮೂರು ಸಲ ಹೆಸರು ಹೇಳ್ತಾನೆ. ಮನುಷ್ಯರು ಹಾಗೆ ಮಾತಾಡಲ್ಲ. ರೇಡಿಯೋ ನಾಟಕದವರು ಮಾತಾಡ್ತಾರೆ. ಕೇಳೋರಿಗೆ ಮುಖ ಕಾಣಲ್ವಲ್ಲ, ಯಾರು ಯಾರಿಗೆ ಹೇಳ್ತಿದ್ದಾರೆ ಅಂತ ತಿಳೀಬೇಕಲ್ಲ. ಇದು ಒಳಗಿನವರ ಕೆಲಸ."

ಅಂದೇ ಮಧ್ಯಾಹ್ನ ಕೇಂದ್ರದಲ್ಲಿ ಸ್ಥಳ ಮಹಜರು ನಡೆಯಿತು. ಟೇಪು ಇಟ್ಟಿದ್ದ ಕಪಾಟಿಗೆ ಬೀಗವಿತ್ತು, ಆದರೆ ಕೀಲಿ ಅದರ ಪಕ್ಕದ ಮೊಳೆಗೇ ನೇತಾಡುತ್ತಿತ್ತು. ಅದು ಹೊಸದಾಗಿ ಬಂದ ಗುಮಾಸ್ತನಿಗೂ ಗೊತ್ತಿತ್ತು. ಲಿಂಡ್‌ಕ್ವಿಸ್ಟ್ ಬೆರಳಚ್ಚು ತೆಗೆದಳು. ಇಡೀ ಕೇಂದ್ರದವರ ಬೆರಳೂ ಅಲ್ಲಿದ್ದವು, ಪೆಟಿಜಾನನ ಬೆಣ್ಣೆ ಹತ್ತಿದ ಬೆರಳಿನ ಸಮೇತ.

ಡಾಟಿ ಫಿಂಚ್ ಸ್ಟುಡಿಯೋದ ಮೂಲೆಯಲ್ಲಿ ಕೂತಿದ್ದಳು. ಅರವತ್ತೆಂಟರ ಪುಟ್ಟ ಹೆಂಗಸು, ಕತ್ತಿಗೆ ಉಣ್ಣೆಯ ಶಾಲು. ಪ್ರಶ್ನೆಗೆಲ್ಲ ಪಿಸುಮಾತಿನ ಉತ್ತರ.

"ಟೇಪು ಕಡೇಸಲ ನೋಡಿದ್ದು ಯಾವಾಗ?"

"ಸೋಮವಾರ, ಡಿಟೆಕ್ಟಿವ್."

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ, ಡಿಟೆಕ್ಟಿವ್. ಗಂಟಲು ನೋಯ್ತಿದೆ, ಡಿಟೆಕ್ಟಿವ್."

ಆರ್ಚುಲೆಟಾ ಆಗ ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಹುಡುಕುತ್ತಿದ್ದದ್ದು ಗಂಡಸನ್ನು. ಒಳಗಿನವರಲ್ಲಿ ಅಂಥ ಗಡಸು ದನಿಯ ಗಂಡಸೆಂದರೆ ನಾಟಕಕ್ಕೆ ಬೇಕಾದ ಸದ್ದು ಮಾಡುವ ಗಸ್ ಹಾವ್ಲಿಚೆಕ್ ಒಬ್ಬನೇ. ತೆಂಗಿನ ಚಿಪ್ಪಿನಿಂದ ಕುದುರೆ ಓಡಿಸುವವನು, ಇಬ್ಬರು ತಾರೆಯರು ಕೆನ್ನೆಗೆ ಬಾರಿಸಿಕೊಂಡಾಗಲೆಲ್ಲ ಒದ್ದೆ ಕೈಗವಸನ್ನು ತನ್ನ ತೊಡೆಗೇ ಬಡಿದುಕೊಳ್ಳುವವನು.

"ನಾನಾ?" ಗಸ್ ನಕ್ಕ. "ಲೋರೆನ್ ಬೇಗ ಸತ್ರೆ ನನ್ನ ತೊಡೆ ಉಳಿಯುತ್ತೆ ಮಾರಾಯ! ಅವಳು ಬದುಕಿರಲಿ ಅಂತ ನಾನ್ಯಾಕೆ ಕದೀಲಿ?"

"ಹಾಗಾದ್ರೆ ಅವಳು ಬದುಕಿರಲಿ ಅಂತ ಯಾರಿಗಿದೆ?"

ಗಸ್ ತೊಡೆ ನೀವಿಕೊಂಡ. "ಹಿಂದೆ ಮುಂದೆ ಯಾರೂ ಇರಲಿಲ್ಲ ಲೋರೆನ್‌ಗೆ. ಆ ಆಸೆ ಇದ್ರೆ ಐರಿಸ್‌ಗೇ ಇರಬೇಕು. ಬೈಯೋಕೆ ಬೇರೆ ಯಾರಿದ್ದಾರೆ ಅವಳಿಗೆ?"

ಗಸ್ ಅದನ್ನು ತಮಾಷೆಗೆ ಅಂದದ್ದು. ಆದರೂ ಬೇರೆ ಸುಳಿವಿಲ್ಲದ ಆರ್ಚುಲೆಟಾ ಗುರುವಾರ ಬೆಳಿಗ್ಗೆ ಲಿಂಡ್‌ಕ್ವಿಸ್ಟಳ ಜೊತೆ ಊರಾಚೆಯ ವೃದ್ಧಾಶ್ರಮಕ್ಕೆ ಕಾರು ತಿರುಗಿಸಿದ.

ಐರಿಸ್ ವಾಲ್ಡೆನ್ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಕೂತಿದ್ದಳು. ತುಟಿಗೆ ಕೆಂಪು, ಮೈಮೇಲೆ ರೇಷ್ಮೆಯ ನಿಲುವಂಗಿ, ಮಡಿಲಲ್ಲಿ ಪುಟ್ಟ ರೇಡಿಯೋ. ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಪೊಲೀಸರೆಂದು ಹೇಳಿದ ಕೂಡಲೇ ಮುಖ ಅರಳಿತು.

"ಅಂತೂ ಬಂದ್ರಾ! ಅವಳನ್ನ ಹಿಡಿದು ಒಳಗೆ ಹಾಕ್ರಿ. ನನ್ನ ಷೂ ಕೊಯ್ಯಿಸಿದ್ದು ಅವಳೇ."

"ಯಾರು, ಮೇಡಂ?"

"ಇನ್ಯಾರು, ಲೋರೆನ್! ನಿನ್ನೆ ಸಂಜೆನೂ ಫೋನ್ ಮಾಡಿದ್ದಳು. ನನ್ನ ತಲೆಮೇಲಿರೋದು ವಿಗ್ಗು ಅಂತೆ. ನಾನು ಬಿಡ್ತೀನಾ? ನಿನ್ನ ಹಲ್ಲಿನ ಸೆಟ್ಟು ನೆಟ್ಟಗೆ ಕೂರಿಸ್ಕೊಂಡು ಮಾತಾಡು ಕಣೇ ಅಂದೆ. ಕಿರುಚಾಡಿದಳು ನೋಡಿ, ಕಿವಿ ಇನ್ನೂ ಗುಂಯ್ ಅಂತಿದೆ."

ಹೇಳಿ ಹಾಯಾಗಿ ನಕ್ಕಳು. ಲಿಂಡ್‌ಕ್ವಿಸ್ಟ್ ಆರ್ಚುಲೆಟಾನ ಮುಖ ನೋಡಿದಳು.

ಹೊರಗಿನ ಮೊಗಸಾಲೆಯಲ್ಲಿ ನರ್ಸ್ ದನಿ ತಗ್ಗಿಸಿ ಹೇಳಿದಳು. "ಆಯಮ್ಮನಿಗೆ ನೆನಪು ನಿಲ್ಲಲ್ಲ. ಒಂದು ವರ್ಷದ ಹಿಂದೆ ಯಾರೋ ಬಾಯಿತಪ್ಪಿ, ಲೋರೆನ್ ಸತ್ತುಹೋಗಿದ್ದಾಳೆ ಅಂದ್ಬಿಟ್ರು. ಆಗ ತಾನೇ ಮೊದಲ ಸಲ ಸುದ್ದಿ ಕೇಳಿದ ಹಾಗೆ ಕೂತುಬಿಟ್ಟರು. ನಾಲ್ಕು ದಿನ ಒಂದು ಚಮಚ ಸೂಪು ಕೂಡ ಒಳಗೆ ಹೋಗಲಿಲ್ಲ. ಉಳಿಯಲ್ಲ ಅಂದ್ಕೊಂಡಿದ್ವಿ. ಆಮೇಲೆ ಈ ನಾಟಕ ಶುರುವಾಯ್ತು. ರೇಡಿಯೋದಲ್ಲಿ ಲೋರೆನ್ ದನಿ ಕೇಳಿ ಎದ್ದು ಕೂತ್ರು. ನಾನೇ ಕೇಂದ್ರಕ್ಕೆ ಫೋನ್ ಮಾಡಿ ಆ ದನಿಯವರಿಗೆ ಎಲ್ಲಾ ಹೇಳಿದೆ. ಅವತ್ತಿಂದ ದಿನಾ ಸಂಜೆ ಊಟದ ಹೊತ್ತಿಗೆ ಫೋನ್ ಬರುತ್ತೆ. ಒಂದು ಸುತ್ತು ಜಗಳ ಆದ್ರೆ ತಟ್ಟೆ ಖಾಲಿ."

"ನಿನ್ನೆ ಸಂಜೆ ಬಂದ ಫೋನು ನೀವೇ ಎತ್ತಿದ್ದಾ?"

"ಹೂಂ. ಗಂಟಲು ಕಂಚು ಕಂಚು."

ನಿನ್ನೆಯೆಂದರೆ ಬುಧವಾರ, ಡಾಟಿ ಫಿಂಚ್ ಶಾಲು ಸುತ್ತಿಕೊಂಡು ಪಿಸುಗುಟ್ಟಿದ ದಿನ. ಆರ್ಚುಲೆಟಾ ಕಾರು ಹತ್ತಿದ. "ಡಿಟೆಕ್ಟಿವ್" ಎಂಬುದು ಡಾಟಿಯ ಪ್ರತಿ ಮಾತಿನ ಬಾಲದಲ್ಲೂ ಇದ್ದದ್ದು ಈಗ ಅವನ ಕಿವಿಗೆ ಬಿತ್ತು. ಕಳ್ಳ ಸಿಕ್ಕಿದ ಖುಷಿ ಮಾತ್ರ ಬರಲಿಲ್ಲ.

"ಮತ್ತೆ ಆ ಗಂಡಸಿನ ದನಿ?" ಲಿಂಡ್‌ಕ್ವಿಸ್ಟ್ ಕೇಳಿದಳು.

"ಹಳೇ ಕಾಲದ ರೇಡಿಯೋದವಳು. ಒಬ್ಬಳೇ ನಿಂತು ಗಂಡ, ಹೆಂಡತಿ, ಮನೆ ನಾಯಿ ಮೂರೂ ಆಗ್ತಿದ್ದರು ಅವರೆಲ್ಲ."

ಶೋಧನೆಯ ವಾರಂಟ್ ಶುಕ್ರವಾರ ಮಧ್ಯಾಹ್ನ ಕೈಗೆ ಬಂತು. ಡಾಟಿಯ ಮನೆ ಒಂದೇ ಕೋಣೆಯದು. ಲಿಂಡ್‌ಕ್ವಿಸ್ಟ್ ಹಾಸಿಗೆ, ಬೀರು, ಟೋಪಿಯ ಡಬ್ಬಗಳನ್ನೆಲ್ಲ ನೋಡಿದಳು. ಟೇಪು ಸಿಕ್ಕಿದ್ದು ಅಡುಗೆ ಒಲೆಯ ಓವನ್ನಿನೊಳಗೆ, ಬ್ರೆಡ್ಡು ಸುಡುವ ತಗಡಿನ ಮೇಲೆ, ಟವಲಿನಲ್ಲಿ ಸುತ್ತಿಟ್ಟ ಹಾಗೆ.

"ನಾನು ಒಲೆ ಹಚ್ಚಲ್ಲಪ್ಪ," ಡಾಟಿ ತುಂಬುಗಂಟಲಲ್ಲೇ ಹೇಳಿದಳು. "ಸ್ಯಾಂಡ್‌ವಿಚ್ ಮೇಲೇ ನನ್ನ ಜೀವನ."

"ಪೆಟಿಜಾನ್‌ಗೆ ಬಾಯಿಬಿಟ್ಟು ಕೇಳಬಹುದಿತ್ತಲ್ಲ, ಮಿಸ್ ಫಿಂಚ್."

"ಕೇಳಿದೆ. ಮೂರು ಸಲ. ಲೋರೆನ್ ಸಾಯದೆ ನಾಟಕ ಹೇಗೆ ಮುಗಿಯುತ್ತೆ ಅಂದ. ಮುಗಿಯೋದೇ ಬೇಡ ಅಂದೆ. ನಕ್ಕ. ಐರಿಸ್ ಒಂದು ಕಂತೂ ಬಿಟ್ಟವಳಲ್ಲ, ಡಿಟೆಕ್ಟಿವ್. ಭಾನುವಾರ ನಾನು ಸಾಯೋದನ್ನ ಅವಳು ಕೇಳ್ತಾಳೆ. ಸೋಮವಾರ ನಾನು ಫೋನ್ ಮಾಡಿದ್ರೆ ಯಾರು ಅಂತ ಮಾಡಲಿ?"

ಆರ್ಚುಲೆಟಾ ಕಾನೂನಿನಂತೆ ಹೇಳಬೇಕಾದ್ದನ್ನು ಹೇಳಿದ. "ನಿಮ್ಮನ್ನ ಬಂಧಿಸ್ತಿದ್ದೀನಿ. ಮೌನವಾಗಿರೋ ಹಕ್ಕು ನಿಮಗಿದೆ."

"ಮೂರು ದಿನದಿಂದ ಅದನ್ನೇ ಮಾಡ್ತಿದ್ದೆ. ಸಾಕಾಯ್ತು."

ಬೇಡಿ ಹಾಕಲಿಲ್ಲ. ಲಿಂಡ್‌ಕ್ವಿಸ್ಟ್ ಅವಳ ಶಾಲನ್ನು ಹೊದಿಸಿ ಕೈಹಿಡಿದು ಮೆಟ್ಟಿಲು ಇಳಿಸಿದಳು.

ಠಾಣೆಯಲ್ಲಿ ಪೆಟಿಜಾನ್ ಕಾದಿದ್ದ. ಟೇಪು ಕಂಡದ್ದೇ ಎರಡೂ ಕೈ ಚಾಚಿದ. ಆರ್ಚುಲೆಟಾ ಅದನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದ.

"ಇದು ಈಗ ಸಾಕ್ಷ್ಯ. ಕೇಸು ಮುಗಿಯೋವರೆಗೂ ಠಾಣೆ ಬಿಟ್ಟು ಹೋಗಲ್ಲ."

"ದೂರು ವಾಪಸ್ ತಗೋತೀನಿ!"

"ತಗೊಳ್ಳಿ. ಅದಕ್ಕೆ ಸರ್ಕಾರಿ ವಕೀಲರು ಒಪ್ಪಬೇಕು. ಅವರ ಮೇಜಿನ ಮೇಲೆ ಕೊಲೆ ಕೇಸುಗಳೇ ಗುಡ್ಡೆ ಬಿದ್ದಿವೆ. ತಿಂಗಳುಗಟ್ಟಲೆ ಹಿಡಿಯುತ್ತೆ."

"ಭಾನುವಾರ ನಾನೇನು ಮಾಡ್ಲಿ?"

"ಆ ಹಸಿರು ಗೌನಿನ ಜಗಳ ಇನ್ನೊಂದು ಸಲ ಆಗಲಿ. ನಮ್ಮಮ್ಮನಿಗೆ ಅದಂದ್ರೆ ಪ್ರಾಣ," ಲಿಂಡ್‌ಕ್ವಿಸ್ಟ್ ಹೇಳಿದಳು. "ಮಿಸ್ ಫಿಂಚ್ ರಾತ್ರಿಯೊಳಗೆ ಜಾಮೀನಿನ ಮೇಲೆ ಹೊರಗಿರ್ತಾರೆ. ಗಂಟಲೂ ವಾಸಿಯಾಗಿದೆ."

ಪೆಟಿಜಾನ್ ಒಮ್ಮೆ ಲಕೋಟೆಯನ್ನು, ಒಮ್ಮೆ ಡಾಟಿಯನ್ನು ನೋಡಿದ. ಡಾಟಿ ದಿನಾ ಸಂಜೆ ಫೋನ್ ಮಾಡುತ್ತಿದ್ದದ್ದು ಯಾರಿಗೆಂದು, ಯಾಕೆಂದು ಅವನಿಗೆ ಆಗಲೇ ತಿಳಿಸಿದ್ದರು. ಟೋಪಿ ಹಾಕಿಕೊಂಡು ಬಾಗಿಲವರೆಗೆ ಹೋದವನು ತಿರುಗಿ, "ಅನಾಮಧೇಯ ಕರೆ ಮಾಡೋವಾಗ ದನಿ ಬದಲಾಯಿಸಿದ್ರೆ ಸಾಲದು ಡಾಟಿ, ಮಾತೂ ಬದಲಾಯಿಸಬೇಕು," ಎಂದು ಗೊಣಗಿ ಹೊರಟುಹೋದ. ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು.

ಆರ್ಚುಲೆಟಾ ವರದಿಗೆ ಕೂತ. ಉದ್ದೇಶ ಎಂಬಲ್ಲಿ ಮೊದಲು 'ವೈಯಕ್ತಿಕ' ಎಂದು ಬರೆದು, ಹೊಡೆದು ಹಾಕಿದ. ಆಮೇಲೆ, 'ಆರೋಪಿ ಒಬ್ಬ ವೃದ್ಧೆಯ ಹಗೆಯನ್ನು ಉಳಿಸಲು ಕಳವು ಮಾಡಿದ್ದಾಳೆ' ಎಂದು ಬರೆದ. ಓದಿದರೆ ವಿಚಿತ್ರವಾಗಿತ್ತು, ಆದರೆ ಸುಳ್ಳಿರಲಿಲ್ಲ. ಹಾಗೇ ಬಿಟ್ಟ.

ಗೋಡೆಯ ಗಡಿಯಾರ ಐದೂವರೆ ತೋರಿಸುತ್ತಿತ್ತು. ವೃದ್ಧಾಶ್ರಮದಲ್ಲಿ ಬೇಗ ಊಟ ಬಡಿಸುತ್ತಾರೆ. ಡಾಟಿಯ ಕಣ್ಣು ಗಡಿಯಾರದ ಮೇಲೇ ಇತ್ತು.

"ಬಂಧನದಲ್ಲಿ ಇರೋರಿಗೆ ಒಂದು ಫೋನ್ ಕರೆ ಹಕ್ಕು," ಆರ್ಚುಲೆಟಾ ಫೋನನ್ನು ಅವಳತ್ತ ತಳ್ಳಿದ. "ಸಾಮಾನ್ಯವಾಗಿ ವಕೀಲರಿಗೆ ಮಾಡ್ತಾರೆ."

ಡಾಟಿ ನಂಬರು ತಿರುಗಿಸಿದಳು. ಶಾಲು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಪುಟ್ಟ ಹೆಂಗಸು ನೋಡನೋಡುತ್ತ ಎರಡಂಗುಲ ಬೆಳೆದ ಹಾಗಾಯಿತು.

"ಲೇ ಐರಿಸ್! ಇನ್ನೂ ಬದುಕಿದ್ದೀಯೇನೇ ಮೂದೇವಿ? ಏನು ತಿಂತಿದ್ದೀಯ ಐರಿಸ್? ಮಾಂಸದ ರೊಟ್ಟಿಯಾ? ತಿನ್ನು ತಿನ್ನು, ಆ ಹಸಿರು ಗೌನಿನ ಹೊಲಿಗೆ ಮೂವತ್ತೆಂಟನೇ ಇಸವೀಲೇ ಬಿಟ್ಟುಹೋಗಿತ್ತು… ಏನಂದೆ? ನನ್ನ ಹಲ್ಲಿನ ಸುದ್ದಿಗೆ ಬಂದ್ರೆ ನೋಡು!"

ಕಂಬಿಯ ಹಿಂದಿದ್ದ ಕುಡುಕನೊಬ್ಬ ಎದ್ದು ಬಂದು ಸರಳು ಹಿಡಿದು ನಿಂತ. ಆ ತುದಿಯಿಂದಲೂ ಕಿರುಚಾಟ ಕೇಳುತ್ತಿತ್ತು. ಮಾತು ತಿಳಿಯದಿದ್ದರೂ ಅದರಲ್ಲಿನ ಸುಖ ಎಲ್ಲರಿಗೂ ಕೇಳಿಸುವಂತಿತ್ತು. ಎಳೆಯನಾಗಿದ್ದಾಗ ಇಸ್ತ್ರಿ ಮೇಜಿನ ಕೆಳಗೆ ಕೂತಿದ್ದ ಆರ್ಚುಲೆಟಾನ ಕಣ್ಣು ತುಂಬಿತು. ಅವನು ಒರೆಸಿಕೊಳ್ಳಲಿಲ್ಲ.

"ಸಾಯೋದಾ? ನಾನಾ? ನಿನ್ನ ಕಳಿಸದೆ ನಾನೆಲ್ಲಿಗೆ ಹೋಗ್ಲಿ ಐರಿಸ್! ನಾಳೆ ಇದೇ ಹೊತ್ತಿಗೆ ಮಾಡ್ತೀನಿ, ತಾಕತ್ತಿದ್ರೆ ಎತ್ತು."

ಫೋನ್ ಕೆಳಗಿಟ್ಟ ಮೇಲೆ ಅವಳು ಮತ್ತೆ ಅದೇ ಪುಟ್ಟ ಡಾಟಿ ಫಿಂಚ್ ಆದಳು. ಶಾಲಿಗಾಗಿ ಹಿಂದೆ ತಡಕಾಡಿದಳು. ಲಿಂಡ್‌ಕ್ವಿಸ್ಟ್ ಎತ್ತಿ ಕೊಟ್ಟಳು.

"ಊಟ ಮಾಡ್ತಾಳೆ ಇವತ್ತು," ಎಂದಳು ಡಾಟಿ.