ಹಳೇಮನಿ ಸಂಗಪ್ಪನ ಮರಿಮೊಮ್ಮಗ

"ನಿಮ್ಮ ತಾಯಿಯ ತಾಯಿಯ ತಾಯಿ. ಅವರ ಹೆಸರು ಹೇಳಿ, ಒಳಗೆ ಬನ್ನಿ."

ಬಾಗಿಲಿಗೆ ಅಡ್ಡ ನಿಂತು ಆ ಯುವಕ ಹಾಗೆ ಕೇಳಿದಾಗ ಮಧುಮತಿಗೆ ಮೈಯೆಲ್ಲ ಉರಿಯಿತು.

ಬಿಟಿಎಂನಿಂದ ಜಯನಗರ ನಾಲ್ಕನೇ ಬ್ಲಾಕಿನವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಗ್ರಂಥಾಲಯದ ಮಹಡಿ ಮೆಟ್ಟಿಲು ಓಡುತ್ತಾ ಹತ್ತಿದ್ದಳು. ಏದುಸಿರು ಇನ್ನೂ ನಿಂತಿರಲಿಲ್ಲ. ಈಗ ಇವನದೊಂದು ಪರೀಕ್ಷೆ ಬೇರೆ...

"ಗೊತ್ತಿಲ್ರೀ," ಎಂದಳು ಬಿರುಸಾಗಿ. "ಗೊತ್ತಿದ್ರ ನಿಮ್ಮ ಕ್ಲಾಸಿಗೆ ಯಾಕ ಬರ್ತಿದ್ದೆ? ನಿಮಗಾದ್ರೂ ಗೊತ್ತೈತೇನು ನಿಮ್ಮವರ ಹೆಸರು?"

ಒಳಗೆ ಕುಳಿತವರೆಲ್ಲ ಕತ್ತು ತಿರುಗಿಸಿದರು.

ಅವನ ಕಿವಿ ಕೆಂಪಾಯಿತು. ಆಮೇಲೆ ನಕ್ಕುಬಿಟ್ಟ.

"ಇಲ್ಲ ಮೇಡಂ, ನನಗೂ ಗೊತ್ತಿಲ್ಲ. ಎಷ್ಟೋ ವರ್ಷದಿಂದ ಹುಡುಕ್ತಾನೇ ಇದ್ದೀನಿ. ಇವತ್ತು ಇಲ್ಲಿ ಯಾರೂ ಹೆಸರು ಹೇಳಿ ಒಳಗೆ ಬಂದಿಲ್ಲ. ಬನ್ನಿ, ಕೂತ್ಕೊಳ್ಳಿ."

ಅವನು ಶಶಿಧರ್. ವಾರವೆಲ್ಲ ಬನಶಂಕರಿಯ ಒಂದು ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಭಾನುವಾರ ಬೆಳಿಗ್ಗೆ ಮಾತ್ರ, ತಮ್ಮ ಮನೆತನದ ಕಥೆಯನ್ನು ತಾವೇ ಹುಡುಕಿಕೊಳ್ಳುವುದು ಹೇಗೆಂದು ಆಸಕ್ತರಿಗೆ ಕಲಿಸುತ್ತಿದ್ದ.

ಕೂತ ಮೇಲೂ ಮಧುಮತಿಯ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಮೆಟ್ಟಿಲು ಹತ್ತಿದ್ದಕ್ಕೆ ಎಂದುಕೊಂಡಳು. ಮುಗ್ಧೆ, ಪಾಪ.

ಆ ತರಗತಿಗೆ ಅವಳು ಬಂದದ್ದಕ್ಕೆ ಕಾರಣವಿತ್ತು. ಅಪ್ಪ ತೀರಿಕೊಂಡಾಗ ಅವಳಿನ್ನೂ ಎರಡನೇ ಕ್ಲಾಸು. ಬೆಳೆದದ್ದೆಲ್ಲ ತಾಯಿಯ ತವರಿನಲ್ಲಿ. ಸಿಂದಗಿ ಕಡೆಯ ಹಳ್ಳಿಯಲ್ಲಿದ್ದ ಅಪ್ಪನ ಮನೆಯವರು ಅವಳ ಪಾಲಿಗೆ ಹಬ್ಬಕ್ಕೊಮ್ಮೆ ಬರುವ ಫೋನ್ ಕರೆ, ಅಷ್ಟೆ. ಮಡಿವಾಳದ ಆಫೀಸಿನಲ್ಲಿ ಯಾರೋ ಒಬ್ಬರು, "ನೀವು ಯಾವ ಮನೆಯವರು?" ಎಂದು ಕೇಳಿದ್ದಕ್ಕೆ ಉತ್ತರ ಹೇಳಲು ಬಾರದೆ ನಿಂತ ದಿನವೇ ಅವಳು ಈ ತರಗತಿಗೆ ಹೆಸರು ಬರೆಸಿದ್ದಳು.

ಶಶಿಧರ್ ಕಲಿಸುವ ರೀತಿ ಚೆಂದವಿತ್ತು.

"ಕಚೇರಿ ಕಾಗದ ಆಮೇಲೆ. ಮೊದಲು ಮನುಷ್ಯರನ್ನ ಕೇಳಿ," ಎನ್ನುತ್ತಿದ್ದ. "ನಿಮ್ಮ ಅಜ್ಜ ಯಾವಾಗ ಹುಟ್ಟಿದ್ರು ಅಂತ ಕೇಳ್ಬೇಡಿ, ಯಾರಿಗೂ ನೆನಪಿರಲ್ಲ. ಮದುವೆಲಿ ಏನ್ ಅಡುಗೆ ಮಾಡಿದ್ರು ಅಂತ ಕೇಳಿ. ಅಲ್ಲಿಂದ ಎಲ್ಲ ಬಿಚ್ಕೊಳ್ಳತ್ತೆ."

"ನಮ್ಮತ್ತೆ ಹತ್ರ ಅದನ್ನ ಕೇಳಿದ್ರೆ, ಲಾಡು ಕಡಿಮೆ ಬಿತ್ತು ಅಂತ ಇವತ್ತಿಗೂ ನನಗೇ ಬಯ್ತಾರೆ ಸಾರ್," ಎಂದರು ನಾಗಲಕ್ಷ್ಮಮ್ಮ. ಜಯನಗರದ ಶಾಲೆಯೊಂದರಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು. ತರಗತಿಯಲ್ಲಿ ಅತಿ ಹಿರಿಯರೂ ಅವರೇ, ಅತಿ ತುಂಟರೂ ಅವರೇ.

ಒಂದು ಭಾನುವಾರ ಶಶಿಧರ್ ಎಲ್ಲರನ್ನೂ ಗೊಟ್ಟಿಗೆರೆಗೆ ಕರೆದೊಯ್ದ. ಅಪಾರ್ಟ್‌ಮೆಂಟುಗಳ ನಡುವೆ ಉಳಿದುಕೊಂಡ ಹಳೆಯ ಬೀದಿಯಲ್ಲಿ, ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ಸಪ್ಪಲಮ್ಮ ಎಂಬ ಮುದುಕಿಯ ಪಕ್ಕ ಕೂತು ತಾನೂ ಸೊಪ್ಪು ಬಿಡಿಸತೊಡಗಿದ. ಏನೂ ಕೇಳಲಿಲ್ಲ. ಕಾಯುತ್ತಾ ಕೂತ. ಸ್ವಲ್ಪ ಹೊತ್ತಿಗೆ ಮುದುಕಿಯೇ ಸೊಸೆ, ಅತ್ತೆ, ಅತ್ತೆಯ ಅತ್ತೆ ಎಂದು ಹೆಸರು ಹೇಳುತ್ತಾ ಹೋಯಿತು. ಕೇಳುತ್ತಾ ಕೇಳುತ್ತಾ ಅವನ ಕಣ್ಣು ಪುಟ್ಟ ಮಗುವಿನ ಕಣ್ಣಿನಂತೆ ಅರಳಿತು.

ಮಧುಮತಿ ಹೆಸರುಗಳನ್ನು ಬರೆದುಕೊಳ್ಳುವುದನ್ನು ಮರೆತು ಆ ಕಣ್ಣನ್ನೇ ನೋಡುತ್ತಿದ್ದಳು.

'ಮಧೂ... ಇದು ಮೆಟ್ಟಿಲು ಹತ್ತಿದ್ದಕ್ಕಲ್ಲ,' ಎಂದಿತು ಮನಸ್ಸು.

ಆಮೇಲೆ ತರಗತಿ ಮುಗಿದ ಮೇಲೆ ದರ್ಶಿನಿಯಲ್ಲಿ ಕಾಫಿ. ಬಸ್‌ಸ್ಟಾಪಿನವರೆಗೆ ನಡಿಗೆ. ಬಂದ ಬಸ್ಸನ್ನು ಬಿಟ್ಟು ಮುಂದಿನ ಬಸ್ಸಿಗೆ ಕಾಯುವುದು. ಅದೂ ಬಂದರೆ, "ಇದು ಬಾಳ ರಶ್ ಐತಿ" ಎನ್ನುವುದು. ರಶ್ ಇಲ್ಲದ ಬಸ್ಸಿಗೂ ಅವಳು ಹಾಗೆ ಹೇಳಿದಾಗ ಅವನು ತಲೆ ತಗ್ಗಿಸಿ ನಕ್ಕಿದ್ದ.

ಒಂದು ಶನಿವಾರ ಸಂಜೆ ಅವನಿಂದ ಫೋನ್ ಬಂತು.

"ನಾಳೆ ನಿಮ್ಮ ವಂಶಾವಳಿ ಹಾಳೆ ತರ್ತೀರಲ್ವಾ? ಕ್ಲಾಸ್ ಮುಗಿದ್ಮೇಲೆ... ನಿಮ್ಮ ಹತ್ರ ಒಂದ್ ವಿಷಯ ಮಾತಾಡ್ಬೇಕು."

"ಏನ್ ವಿಷಯ ಸರ್?"

"ನಾಳೆ ಹೇಳ್ತೀನಿ."

ಆ ರಾತ್ರಿ ಪಿ.ಜಿ. ರೂಮಿನಲ್ಲಿ ಜೊತೆಗಾತಿ ಹೇಮಶ್ರೀ ಅವಳನ್ನು ಮಲಗಗೊಡಲಿಲ್ಲ. "ಸಖತ್ ಕಣೇ, ಕಡೆಗೂ ಮೇಷ್ಟ್ರಿಗೆ ಬಾಯಿ ಬಂತು. ಆ ನೀಲಿ ಕುರ್ತಾ ಹಾಕ್ಕೊ," ಎಂದಳು.

ನೀಲಿ ಕುರ್ತಾ ಹಾಕಿಕೊಂಡೇ ಹೋದಳು ಮಧುಮತಿ. ಅಪ್ಪನ ಮನೆಯ ವಿವರ ತುಂಬಿದ್ದ ಹಾಳೆಯನ್ನು ಗೋಡೆಗೆ ಅಂಟಿಸಿದಳು. ಊರಿನ ಕಾಕಾನಿಗೆ ಫೋನ್ ಮಾಡಿ ಕೇಳಿಕೊಂಡದ್ದು ಅದು. ಪಕ್ಕದಲ್ಲಿ ಶಶಿಧರ್ ಮಾದರಿಗೆಂದು ತನ್ನ ಮನೆಯ ಹಾಳೆಯನ್ನೂ ಅಂಟಿಸಿದ್ದ.

ನಾಗಲಕ್ಷ್ಮಮ್ಮ ಕನ್ನಡಕ ಏರಿಸಿ ಎರಡನ್ನೂ ನೋಡಿದರು. ಮತ್ತೊಮ್ಮೆ ನೋಡಿದರು.

"ಏನ್ರೀ ಇದು, ಹಳೇಮನಿ ಸಂಗಪ್ಪ ಇಲ್ಲೂ ಇದಾರೆ, ಅಲ್ಲೂ ಇದಾರೆ?"

ಎಲ್ಲರೂ ಎದ್ದು ಬಂದರು.

ಮಧುಮತಿಯ ಹಾಳೆಯಲ್ಲಿ ಹೀಗಿತ್ತು: ಹಳೇಮನಿ ಸಂಗಪ್ಪ, ಹಳೇಮನಿ ಬಸಪ್ಪ, ಅಣ್ಣತಮ್ಮಂದಿರು. ಬಸಪ್ಪ ಅವಳ ಮುತ್ತಜ್ಜ. ಸಂಗಪ್ಪನ ಮಗ ನೀಲಕಂಠಪ್ಪ, ಹರೆಯದಲ್ಲೇ ಬೆಂಗಳೂರಿಗೆ ಹೋದವನು ತಿರುಗಿ ಬರಲಿಲ್ಲ.

ಶಶಿಧರನ ಹಾಳೆಯಲ್ಲಿ: ತಾತ ನೀಲಕಂಠಪ್ಪ. ಭೀಮಾ ನದಿ ಕಡೆಯಿಂದ ಬೆಂಗಳೂರಿಗೆ ಬಂದವರು. ಊರಿನ ಹೆಸರು ಯಾರಿಗೂ ಹೇಳಿಲ್ಲ. ಅವರ ತಂದೆ, ಹಳೇಮನಿ ಸಂಗಪ್ಪ.

"ಅಬ್ಬಾ, ಎರಡು ಮರ ನಮ್ಮ ಕಣ್ಣೆದುರೇ ಸೇರ್ಕೊಂಡ್ಬಿಡ್ತಲ್ಲ," ಎಂದು ಯಾರೋ ಚಪ್ಪಾಳೆ ತಟ್ಟಿದರು. ಇಡೀ ಕೋಣೆ ಚಪ್ಪಾಳೆ ತಟ್ಟಿತು. ಫೋಟೋ ತೆಗೆದರು. ತಮ್ಮ ಮೇಷ್ಟ್ರ ಕಳೆದುಹೋದ ಊರು ಸಿಕ್ಕ ಸಂಭ್ರಮ ಎಲ್ಲರಿಗೂ.

"ಅಲ್ಲಿಗೆ ನೀವಿಬ್ರೂ ಒಂದೇ ಮನೆ ಮಕ್ಕಳು. ಅಣ್ಣ-ತಂಗಿ," ಎಂದರು ನಾಗಲಕ್ಷ್ಮಮ್ಮ. ಹೇಳಿದ ಮರುಕ್ಷಣವೇ ಇಬ್ಬರ ಮುಖ ನೋಡಿ, ಆ ಹಿರಿಯ ಜೀವ ಬಾಯಿ ಮುಚ್ಚಿಕೊಂಡಿತು.

ಅಣ್ಣತಮ್ಮಂದಿರ ಮೊಮ್ಮಕ್ಕಳು, ಮರಿಮೊಮ್ಮಕ್ಕಳು ಎಷ್ಟು ತಲೆಮಾರು ಕಳೆದರೂ ಅಣ್ಣ-ತಂಗಿಯರೇ. ನಮ್ಮ ಕಡೆ ಯಾರ ಮನೆಯಲ್ಲೂ ಇದಕ್ಕೆ ಎರಡನೇ ಮಾತಿಲ್ಲ.

ಮಧುಮತಿ ಗೋಡೆಯ ಮೇಲಿನ ಎರಡೂ ಹಾಳೆಗಳನ್ನು ಮತ್ತೆ ನೋಡಿದಳು. 'ಮನೆತನ ಹುಡುಕಲು ಬಂದೆ. ಸಿಕ್ಕಿತು. ಆದರೆ ಸಿಕ್ಕದ್ದಕ್ಕೆ ಬೆಲೆಯಾಗಿ ಇವನನ್ನೇ ಕೊಡಬೇಕೇ?'

ತರಗತಿ ಮುಗಿದ ಮೇಲೆ ಅವಳು ಕಾದು ನಿಂತಳು. ಅವನು ಅವಳ ಹಾಳೆಯನ್ನೇ ನೋಡುತ್ತಿದ್ದ. ತುಂಬಾ ಹೊತ್ತು ನೋಡಿದ.

"ಸರ್... ಏನೋ ಹೇಳ್ಬೇಕಂದಿದ್ರಿ."

"ಅದು... ಈಗ ಬೇಡ ಮಧುಮತಿ," ಎಂದ, ಅವಳ ಕಡೆ ತಿರುಗದೆ.

ಅವಳು ಮೊದಲು ಬಂದ ಬಸ್ಸನ್ನೇ ಹತ್ತಿದಳು.

ಮುಂದಿನ ವಾರ ತರಗತಿಯ ಗುಂಪಿಗೆ ಅವನ ಒಂದೇ ಸಾಲಿನ ಮೆಸೇಜ್ ಬಂತು: ಈ ಭಾನುವಾರ ಕ್ಲಾಸ್ ಇಲ್ಲ, ಊರಲ್ಲಿರಲ್ಲ. ಅವಳಿಗೆಂದು ಬೇರೆ ಒಂದಕ್ಷರವೂ ಇಲ್ಲ.

"ಎಷ್ಟು ಬೇಗ ಅಣ್ಣ ಆಗ್ಬಿಟ್ಟ ನೋಡೇ," ಎಂದು ಹೇಮಶ್ರೀಯ ಹೆಗಲಿಗೆ ತಲೆಯಿಟ್ಟು ಅತ್ತಳು ಮಧುಮತಿ.

"ನಿಮ್ಮಪ್ಪನ ಕಡೆ ಅಜ್ಜಿ ಇದ್ದಾರಲ್ಲ, ಒಂದ್ ಸಲ ಕೇಳು."

"ಏನಂತ ಕೇಳ್ಲಿ? ಯಾಕ ಬೇಕು ನಿನಗ ಅಂದ್ರ ಏನು ಹೇಳ್ಲಿ? ಮೊದಲೇ ನಾನು ಅವರ ಪಾಲಿಗೆ ದೂರದಾಕಿ."

ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದಾಗ ಫೋನ್ ಬಡಿದುಕೊಂಡಿತು. ಕಾಕಾನ ನಂಬರಿನಿಂದ ವಿಡಿಯೊ ಕಾಲ್. ಒದ್ದೆ ಕೈಯಲ್ಲೇ ಎತ್ತಿದಳು. ತೆರೆಯ ತುಂಬಾ ಅಜ್ಜಿ ಲಕ್ಕವ್ವನ ಹಣೆ, ವಿಭೂತಿ.

"ಯವ್ವಾ ಮಧೂ, ಕೇಳಸ್ತೈತೇನು?"

"ಕೇಳಸ್ತೈತಿ ಆಯಿ. ಆರಾಮ ಅದೀಯೇನು?"

"ನಾ ಆರಾಮ. ಇಲ್ಲೊಬ್ಬ ಮಾಸ್ತರ ಬಂದು ಕುಂತಾನ ನೋಡು, ನಿನ್ನೆಯಿಂದ ನನ್ನ ಬಿಡವಲ್ಲ. ಹಳೇಮನಿ ಸಂಗಪ್ಪ ಯಾರ ಮಗ, ಯಾರ ಮಗ ಅಂತ ಗಂಟುಬಿದ್ದಾನ."

ಮಧುಮತಿ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು.

"ನೀ... ನೀ ಏನಂದಿ ಆಯಿ?"

"ಏನನ್ನೂದು? ಇದ್ದದ್ದು ಅಂದೆ. ಸಂಗಪ್ಪ ನಮ್ಮ ಮನಿ ಮಗ ಎಲ್ಲಿದ್ದ? ಅಂವ ಮನಿ ಅಳಿಯ."

"ಅಳಿಯ?"

"ಹೂಂ. ನಿನ್ನ ಮುತ್ತಜ್ಜ ಬಸಪ್ಪಗ ಒಬ್ಬಾಕಿ ಅಕ್ಕ ಇದ್ದಳು, ಗೌರವ್ವ. ಆಗಿನ್ನೂ ಗಂಡಮಗ ಇಲ್ಲಂತ ಗೌರವ್ವಗ ಸಂಗಪ್ಪನ್ನ ಲಗ್ನಾ ಮಾಡಿ ಮನ್ಯಾಗ ಇಟ್ಕೊಂಡ್ರು. ಆಮ್ಯಾಲ ಎಷ್ಟೋ ವರ್ಷಕ್ಕ ಬಸಪ್ಪ ಹುಟ್ಟಿದ. ಮಂದಿ ಇಬ್ಬರನ್ನೂ ಹಳೇಮನಿಯವರು ಅಂತನ ಕರದ್ರು."

"ಮತ್ತ ಕಾಕಾ ಅಣ್ಣತಮ್ಮ ಅಂದನಲ್ಲ?"

"ನಿನ್ನ ಕಾಕಾಗ ಏನ ಗೊತ್ತು? ಅಂವ ಹುಟ್ಟೂದರಾಗ ಸಂಗಪ್ಪ ಮಣ್ಣಾಗಿದ್ದ. ಗಂಡಸರು ಗಂಡಸರ ಹೆಸರಷ್ಟ ಹೇಳ್ತಾರ. ಗೌರವ್ವನ ಹೆಸರು ಯಾರು ಹೇಳಬೇಕು, ನಾ ಹೇಳಬೇಕು. ಗೌರವ್ವನ ಮಗ ನೀಲಕಂಠ. ಮನಿ ಅಳಿಯನ ಮಗ, ಮಂದಿ ಕೂಳು ತಿನ್ನಾವ ಅಂತ ಊರಾನ ಹುಡುಗರು ಅಣಕಿಸ್ತಿದ್ರಂತ. ಅದ ಸಿಟ್ಟಿಗೆ ಊರು ಬಿಟ್ಟ. ಪಾಪ... ಅಲ್ಲಿ ಹೋಗಿ ಅಪ್ಪನ್ನ ಮನಿ ಮಗ ಅಂತ ಹೇಳ್ಕೊಂಡಾನ."

ಮಧುಮತಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಕ್ಕನ ಸಂತಾನ ಅವನು. ತಮ್ಮನ ಸಂತಾನ ತಾನು. ಹಾಗಾದರೆ...

"ಹಂಗಾರ ಆಯಿ, ಅವರು ನನಗೇನಾಗಬೇಕು?"

"ಏನಾಗಬೇಕು? ಮಾವ ಆಗಬೇಕು. ಹೆಣ್ಣು ಕೊಟ್ಟು ತರೂ ಸಂಬಂಧ. ಯಾಕವಾ, ಅಳಾಕತ್ತೀಯೇನು?"

"ಇಲ್ಲ ಆಯಿ... ಕಣ್ಣಾಗ ಸಾಬೂನು ನೊರಿ."

"ಇಂವನೂ ನಿನ್ನೆ ಹಿಂಗ ಅಂದ. ಒಲಿ ಹೊಗಿ ಕಣ್ಣಾಗ ಹೋತಂತ. ನಮ್ಮ ಮನ್ಯಾಗ ಗ್ಯಾಸ್ ಐತಿ."

ಲಕ್ಕವ್ವ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಅವಳ ಹಿಂದೆ, ಕಂಬಕ್ಕೆ ಒರಗಿ ಕೂತಿದ್ದ ಶಶಿಧರ್ ಮುಖ ಮುಚ್ಚಿಕೊಂಡಿದ್ದ. ಬೆರಳ ಸಂದಿಯಿಂದ ಫೋನನ್ನೇ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಮಡಿವಾಳದಲ್ಲಿ ಅವನ ಬಸ್ಸು ನಿಲ್ಲುವ ಹೊತ್ತಿಗೆ ಮಧುಮತಿ ಅಲ್ಲಿದ್ದಳು. ಸಿಲ್ಕ್‌ಬೋರ್ಡ್ ಕಡೆಯಿಂದ ಹಾರ್ನ್‌ಗಳು ಆಗಲೇ ಶುರುವಾಗಿದ್ದವು. ಮಾರ್ಕೆಟ್ಟಿಗೆ ಬಂದ ಹೂವಿನ ಮೂಟೆಗಳ ನಡುವೆ ಕೆದರಿದ ಕೂದಲು, ಎರಡು ಕೈಯಲ್ಲಿ ಎರಡು ಚೀಲ ಹಿಡಿದು ಅವನು ಇಳಿದ.

ಅವಳನ್ನು ಕಂಡು ಅಲ್ಲೇ ನಿಂತ.

"ಹೇಳಿ ಹೋಗಬಾರದಿತ್ತೇನು?" ಎಂದಳು. "ಒಂದು ವಾರ ನಾ ಹೆಂಗಿದ್ದೆ ಗೊತ್ತೇನು ನಿಮಗ?"

"ಹೇಳಿ ಹೋಗಿ, ಬರಿಗೈಲಿ ಬಂದಿದ್ರೆ? ನಿಮಗೆ ಎರಡು ಸಲ ನೋವಾಗ್ತಿತ್ತು," ಎಂದ ಮೆಲ್ಲಗೆ. "ನಿಮ್ಮ ಹಾಳೆ ಕೆಳಗೆ ಮನೆದೇವರ ಹೆಸರಿತ್ತು. ಅದು ನಮ್ಮ ಮನೆದೇವರಲ್ಲ. ಒಂದೇ ಮನೆಯವರಾದ್ರೆ ದೇವರು ಎರಡು ಹೇಗಿರತ್ತೆ? ಅದೊಂದೇ ಆಸೆ ನನಗಿದ್ದಿದ್ದು. ಅದನ್ನ ಹಿಡ್ಕೊಂಡೇ ಬಸ್ ಹತ್ತಿದೆ."

ಅವಳು ಅವನ ಒಂದು ಚೀಲ ತೆಗೆದುಕೊಂಡಳು. ಭಾರವಿತ್ತು.

"ನಿಮ್ಮಜ್ಜಿ ಕೊಟ್ಟ ಜೋಳದ ರೊಟ್ಟಿ. ಶೇಂಗಾ ಚಟ್ನಿ," ಎಂದ. "ತಾತ ಇದ್ದಿದ್ರೆ ಆ ರೊಟ್ಟಿ ಒಂದ್ ತುಂಡು ಅವರ ಬಾಯಿಗಿಡ್ತಿದ್ದೆ. ಸಾಯೋತನಕ ಆ ಮನೆ ನೆನಪು ಮುಚ್ಚಿಟ್ಕೊಂಡೇ ಹೋದ್ರು. ಮನೆ ಅಳಿಯನ ಮಗ ಅನ್ನೋದು ಅವರಿಗೆ ಅಷ್ಟು ದೊಡ್ಡ ಅವಮಾನ ಆಗಿತ್ತು."

"ನಿಮಗ?"

"ನನಗಾ?" ಅವನು ಅವಳ ಕಣ್ಣನ್ನೇ ನೋಡಿದ. "ಸಂಗಪ್ಪಜ್ಜ ಅವತ್ತು ಮನೆ ಅಳಿಯ ಆಗದೇ ಇದ್ದಿದ್ರೆ ಇವತ್ತು ನಾನು ನಿಮ್ಮೆದುರು ನಿಂತು ಹೀಗೆ ಹೇಳೋಕೆ ಆಗ್ತಿರ್ಲಿಲ್ಲ... ನನಗೆ ನೀವು ಬೇಕು, ಮಧುಮತಿ. ಬೇಕಾದ್ರೆ ನಾನೂ ಮನೆ ಅಳಿಯ ಆಗ್ತೀನಿ."

ಕಣ್ಣೀರಿನ ನಡುವೆಯೇ ಅವಳಿಗೆ ನಗು ಬಂತು.

"ಮನಿ ಎಲ್ಲೈತ್ರೀ ನಂದು? ಬಿಟಿಎಂನಾಗ ಅರ್ಧ ರೂಮು. ಇನ್ನರ್ಧ ಹೇಮಶ್ರೀದು."

"ಹಾಗಾದ್ರೆ ಗಿರಿನಗರದಲ್ಲಿ ನಮ್ಮಮ್ಮ ಬೆಳಗಿನ ಜಾವದಿಂದ ಕಾಯ್ತಿದ್ದಾರೆ. ನೀವೇ ಬಂದ್ಬಿಡಿ."

"ಇವತ್ತ? ಈಗ?" ಗಾಬರಿಯಿಂದ ತನ್ನ ಹಳೆಯ ಚೂಡಿದಾರ ನೋಡಿಕೊಂಡಳು. "ಏನಂತ ಹೇಳಿದೀರಿ ಅವರಿಗೆ?"

"ನಿಮ್ಮ ಮಾವನವರ ಅಮ್ಮನ ತವರಿಂದ ಹುಡುಗಿ ಬರ್ತಾಳೆ ಅಂತ."

"ಅವರೇನಂದ್ರು?"

"ಏನೂ ಅನ್ಲಿಲ್ಲ. ಫೋನಲ್ಲಿ ಪಾಯಸಕ್ಕೆ ಶ್ಯಾವಿಗೆ ಹುರಿಯೋ ಸದ್ದು ಕೇಳಿಸ್ತು."

ಮಧುಮತಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಖಾಲಿಯಾದ ಕೈಯನ್ನು ಅವನ ಕೈಯಲ್ಲಿಟ್ಟಳು.

"ನಡೀರಿ ಮಾವ," ಎಂದಳು ಬಲು ಮೆಲ್ಲಗೆ. "ಶ್ಯಾವಿಗಿ ತಳ ಹತ್ತಿಬಿಟ್ಟೀತು."