ಗುಡುಗನ ಗಂಟಲು

ಇಪ್ಪತ್ತೆರಡು ವರ್ಷಗಳ ಹಿಂದೆ, ಗಾಳಿಯಾಡದ ಧ್ವನಿಮುದ್ರಣ ಕೋಣೆಯೊಂದರಲ್ಲಿ ಬೆಳಗಿನ ಒಂಬತ್ತರಿಂದ ಸಂಜೆ ಏಳರವರೆಗೆ ನಿಂತೇ ಇದ್ದು, ಅರವತ್ತಮೂರನೆಯ ಪ್ರಯತ್ನದಲ್ಲಿ ಮೇಷ್ಟ್ರು ಆ ಕೂಗನ್ನು ಸಾಧಿಸಿದ್ದರು. ಬಿರಿಯುತ್ತಿರುವ ಅಣೆಕಟ್ಟಿನ ಮುಂದೆ ಗುಡುಗನೆಂಬ ಮಹಾವೀರ ನಿಂತು ಬಾಯಿ ತೆರೆಯುತ್ತಾನೆ. ಅವನ ಕೂಗಿನ ರಭಸಕ್ಕೆ ನುಗ್ಗಿಬಂದ ನೀರು ಗೋಡೆಯಂತೆ ನಿಂತುಬಿಡುತ್ತದೆ. ತೆರೆಯ ಮೇಲೆ ತುಟಿಗಳು ತೆರೆದಿರುವುದು ಹನ್ನೊಂದು ಸೆಕೆಂಡು; ಕೂಗೂ ಅಷ್ಟೇ ಇರಬೇಕು, ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಾಗಬಾರದು. ನಲವತ್ತನೆಯ ಸಲಕ್ಕೆ ಕರವಸ್ತ್ರದಲ್ಲಿ ರಕ್ತ ಕಾಣಿಸಿಕೊಂಡಿತ್ತು. ಐವತ್ತಕ್ಕೆ ಅಂದಿನ ನಿರ್ದೇಶಕರು ಗಾಜಿನಾಚೆಯಿಂದ ಕೈಮುಗಿದು ಸಾಕೆಂದಿದ್ದರು. ಮೇಷ್ಟ್ರು ಮಾತ್ರ ಸಾಕೆನ್ನಲಿಲ್ಲ.

ಆ ಕೂಗು ಚಿತ್ರವನ್ನು ಮೂರು ತಲೆಮಾರಿನ ಬಾಯಿಗೆ ಹಾಕಿತು. ಮಕ್ಕಳು ಬೀದಿಬೀದಿಗಳಲ್ಲಿ ಅದನ್ನು ಅನುಕರಿಸಿ ಹಿರಿಯರಿಂದ ಏಟು ತಿಂದರು. ಆದರೆ ಚಿತ್ರದ ಕೊನೆಯಲ್ಲಿ ಪಾತ್ರವರ್ಗದ ಪಟ್ಟಿ ಉರುಳುವಾಗ ‘ಗುಡುಗ’ ಎಂಬಲ್ಲಿ ನಾಯಕನಟನೊಬ್ಬನ ಹೆಸರಿತ್ತು. ಅವನ ಬದಲು ಮಹಡಿಗಳಿಂದ ಜಿಗಿದ ಡ್ಯೂಪಿನ ಹೆಸರು ಸಾಹಸದವರ ಸಾಲಿನಲ್ಲಿತ್ತು. ಖಳನ ಉಕ್ಕಿನ ನಾಯಿಯನ್ನು ಹಗ್ಗ ಕಟ್ಟಿ ಎಳೆದವನ ಹೆಸರೂ ಇತ್ತು. ಕಂಠ ಕೊಟ್ಟವರ ಹೆಸರು ಎಲ್ಲಿಯೂ ಇರಲಿಲ್ಲ. ನಾಯಕನ ದನಿ ನಾಯಕನದೇ ಎಂದು ಜನ ನಂಬಬೇಕು, ಅದು ಕರಾರು. ಎರಡನೆಯ ಚಿತ್ರದಲ್ಲೂ ಅದೇ, ಮೂರನೆಯದರಲ್ಲೂ ಅದೇ.

ಹೊಸಬರ ಉಚ್ಚಾರಣೆ ತಿದ್ದುವ ಚಾಳಿಯಿಂದ ಸ್ಟುಡಿಯೋದಲ್ಲಿ ‘ಮೇಷ್ಟ್ರು’ ಎನಿಸಿಕೊಂಡಿದ್ದ ಅವರು ಇದನ್ನೆಲ್ಲ ನುಂಗಿಕೊಂಡೇ ಅರವತ್ತನಾಲ್ಕರ ವಯಸ್ಸನ್ನು ಮುಟ್ಟಿದ್ದರು. ನುಂಗಲಾಗದ್ದು ಒಂದು ಸಂಜೆ ಶಾಲೆಯಿಂದ ಮನೆಗೆ ಬಂತು.

“ಗುಡುಗಣ್ಣ ನಮ್ಮಜ್ಜಾನೇ ಅಂದಿದ್ದಕ್ಕೆ ಕ್ಲಾಸಲ್ಲಿ ಎಲ್ರೂ ನಕ್ರು,” ಎಂದಳು ಒಂಬತ್ತರ ಮೊಮ್ಮಗಳು, ಚೀಲವನ್ನು ಮೂಲೆಗೆ ಎಸೆಯುತ್ತ. “ಕೊನೇಲಿ ಬರೋ ಹೆಸ್ರೆಲ್ಲ ಓದಿದಾರಂತೆ. ನಿಂದು ಇಲ್ವಂತೆ.”

“ಕೂಗಿ ತೋರಿಸ್ಲಾ ಪುಟ್ಟಿ?”

“ಬೇಡ. ನೀನು ಸುಳ್ಳಜ್ಜ.”

ಮಗಳು ಒಳಗಿನಿಂದ ಸಮಾಧಾನ ಹೇಳಿದಳು. “ಅವಳ ತಲೆಗೆ ಅದನ್ನೆಲ್ಲ ತುಂಬ್ಬೇಡಿ ಅಪ್ಪ. ನಮಗೆ ಗೊತ್ತಲ್ಲ, ಸಾಲ್ದಾ?”

ಸಾಲದು ಎಂದು ಮೇಷ್ಟ್ರಿಗೆ ಅಂದು ತಿಳಿಯಿತು.

ನಾಲ್ಕನೆಯ ಚಿತ್ರದ ಚಿತ್ರೀಕರಣ ಆರಂಭವಾದ ವಾರವೇ ಅವರು ನಾಯಕನಟನನ್ನು ಕಾಣಲು ಹೋದರು. ಗಾಳಿಯಂತ್ರಗಳು ಭೋರ್ಗರೆಯುತ್ತಿದ್ದವು, ಅವನು ಕಪ್ಪು ರಬ್ಬರಿನ ಕವಚ ತೊಟ್ಟು ಸರದಿಗಾಗಿ ಕಾಯುತ್ತಿದ್ದ. ಮೊದಲಾಗಿದ್ದರೆ ಮೂಗಿನಿಂದ ಹೊರಡುವ ತನ್ನ ತೆಳ್ಳನೆಯ ದನಿಯಲ್ಲಿ ದೀಪ ಹಿಡಿಯುವವರನ್ನೂ ಬಿಡದೆ ಗೇಲಿ ಮಾಡುತ್ತಿದ್ದವನು ಈ ಸಲ ಯಾರೊಡನೆಯೂ ಬೆರೆಯುತ್ತಿರಲಿಲ್ಲ. ಹೇಳುವುದೇನಿದ್ದರೂ ಅವನ ವ್ಯವಹಾರ ನೋಡಿಕೊಳ್ಳುವ ಅಕ್ಕ ಬಂದು ಹೇಳುತ್ತಿದ್ದಳು. ತಲೆ ತಿರುಗಿದೆ ಎಂದು ಚಿತ್ರತಂಡದವರು ಆಡಿಕೊಳ್ಳುತ್ತಿದ್ದರು.

“ಬೇರೇನೂ ಕೇಳಲ್ಲ,” ಎಂದರು ಮೇಷ್ಟ್ರು, ಗಾಳಿಯಂತ್ರವನ್ನು ಮೀರಿಸಿ. “ಈ ಸಲ ಕೊನೆಗೆ ನನ್ನ ಹೆಸರೊಂದು ಹಾಕ್ಸಿ. ಚಿಕ್ಕ ಅಕ್ಷರದಲ್ಲಾದರೂ ಸರಿ. ನಿಮ್ಮ ಒಂದು ಮಾತು ಸಾಕು.”

ನಾಯಕನಟ ಅವರನ್ನು ದಿಟ್ಟಿಸಿ ನೋಡಿದ. ಎರಡು ಬೆರಳನ್ನು ತನ್ನ ಕತ್ತಿನ ಮೇಲೆ ಅಡ್ಡ ಎಳೆದು, ಇಲ್ಲವೆಂಬಂತೆ ತಲೆಯಾಡಿಸಿ, ನಡೆದುಬಿಟ್ಟ. ನಿನ್ನ ಕತೆ ಮುಗಿಯಿತು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಸಂಜ್ಞೆ ಮೇಷ್ಟ್ರಿಗೆ ತಿಳಿದಿರಲಿಲ್ಲ. ಬಾಯಿ ತೆರೆದು ಇಲ್ಲವೆನ್ನುವಷ್ಟು ಮರ್ಯಾದೆಯನ್ನೂ ಅವನು ಕೊಡಲಿಲ್ಲ.

ಕೊಲ್ಲುವುದೆಂಬ ನಿರ್ಧಾರ ಆಶ್ಚರ್ಯವೆನಿಸುವಷ್ಟು ಸಲೀಸಾಗಿ ಬಂತು. ಮುಂದಿನ ಎರಡು ವಾರ ಅವರು ಸಂಭಾಷಣೆ ತಿದ್ದುವ ಶ್ರದ್ಧೆಯಿಂದಲೇ ಉಪಾಯವನ್ನು ತಿದ್ದಿದರು.

ಚಿತ್ರೀಕರಣದ ದೊಡ್ಡ ಷೆಡ್ಡಿನಲ್ಲಿ ಕುಸಿದ ಗೋಪುರವೊಂದನ್ನು ಕಟ್ಟಿದ್ದರು: ಮೂವತ್ತೈದು ಅಡಿ ಎತ್ತರ, ಹಲಗೆಗೆ ಗಾರೆ ಮೆತ್ತಿದ್ದು. ಬುಡದಲ್ಲಿ ಹರಡಿದ್ದ ಕಾಂಕ್ರೀಟಿನ ತುಂಡುಗಳು ಮಾತ್ರ ನಿಜವಾದವು. ಅವುಗಳಿಂದ ತುಕ್ಕುಹಿಡಿದ ಕಬ್ಬಿಣದ ಸರಳುಗಳು ಹೊರಚಾಚಿಕೊಂಡಿದ್ದವು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾಯಕನಟ ಕವಚ ಬಿಚ್ಚದೆ ಗೋಪುರದ ತುದಿಗೇರಿ, ಪುಟ್ಟ ಕನ್ನಡಿಯೊಂದರ ಮುಂದೆ ಮಾತುಗಳನ್ನು ಅಭ್ಯಾಸ ಮಾಡುತ್ತಿದ್ದ. ಕೆಳಗಿನಿಂದ ಆ ತುಟಿಗಳನ್ನು ಕಂಡರೆ ಸಾಕು, ಯಾವ ದೃಶ್ಯದ ಯಾವ ಸಾಲೆಂದು ಮೇಷ್ಟ್ರು ಹೇಳಬಲ್ಲವರಾಗಿದ್ದರು.

ಕೊಲ್ಲುವುದು ಸುಲಭದ ಭಾಗ. ಸತ್ತವನನ್ನು ಇನ್ನೊಂದು ಗಂಟೆ ಬದುಕಿಸಿಡುವುದರಲ್ಲಿಯೇ ಕಲೆಯಿತ್ತು.

ತೆರೆಯ ಮೇಲಿನ ಗಂಭೀರ ದನಿ ಯಾರದೆಂದು ತಂಡದ ಪ್ರತಿಯೊಬ್ಬನಿಗೂ ಗೊತ್ತು. ಆದುದರಿಂದಲೇ ಅದು ಬೇಡ. ಬೇಕಾದದ್ದು ನಾಯಕನಟನ ಸ್ವಂತ ದನಿ, ಆ ತೆಳ್ಳನೆಯ ಮೂಗುರಾಗ. ಅದನ್ನು ಅನುಕರಿಸಬಲ್ಲೆನೆಂದು ಮೇಷ್ಟ್ರು ಯಾರ ಮುಂದೆಯೂ ತೋರಿಸಿಕೊಂಡವರಲ್ಲ. ಬಚ್ಚಲಿನ ನಲ್ಲಿ ತಿರುಗಿಸಿಟ್ಟು ಹನ್ನೆರಡು ದಿನ ಅಭ್ಯಾಸ ಮಾಡಿದರು. ವಾಕ್ಯದ ತುದಿಯಲ್ಲಿ ಅವನು ಎಳೆಯುವ ರಾಗ, ‘ಸ’ಕಾರದ ಮೇಲೆ ಹಲ್ಲು ಕಚ್ಚುವ ಸದ್ದು, ಎಲ್ಲವೂ ಬಂತು. ಹದಿಮೂರನೆಯ ದಿನ ಬಚ್ಚಲಿನ ಹೊರಗಿನಿಂದ ಮಗಳು, “ಯಾರ ಜೊತೆ ಮಾತಾಡ್ತಿದೀರಪ್ಪ?” ಎಂದು ಕೇಳಿದಾಗ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಂತೋಷವಾಯಿತು.

ತಂಡದವರೆಲ್ಲರ ವಾಕಿ-ಟಾಕಿಗಳೂ ಒಂದೇ ಜಾಲದಲ್ಲಿದ್ದವು. ಒಂದು ಹೆಚ್ಚುವರಿ ಯಂತ್ರ ಮೇಷ್ಟ್ರ ಅಂಗಿಯೊಳಗೆ ಸೇರಿತು. ಧ್ವನಿಮುದ್ರಣದ ಕಟ್ಟಡ ಅದೇ ಆವರಣದಲ್ಲಿ, ನೂರು ಹೆಜ್ಜೆಯ ದೂರದಲ್ಲಿತ್ತು. ಅಲ್ಲಿ ಗಾಜಿನಾಚೆ ಕೂರುವ ಇಂಜಿನಿಯರನಿಗೆ ‘ಕಿವಿ’ ಎಂದೇ ಅಡ್ಡಹೆಸರು. ಮುದ್ರಿಸಿದ್ದನ್ನು ಅವನು ತನ್ನ ಕಡೆಯ ಸ್ಪೀಕರಿನಲ್ಲಿ ಜೋರಾಗಿ ಕೇಳಿಸುವಾಗ ಒಳಗಿನ ಮೈಕನ್ನು ಮುಚ್ಚಲೇಬೇಕು, ಇಲ್ಲವಾದರೆ ಸದ್ದು ಸದ್ದಿಗೆ ಸಿಕ್ಕಿ ಕಿರುಚುತ್ತದೆ. ಅಷ್ಟು ಹೊತ್ತು ಗಾಜಿನೊಳಗಿನವನು ಕಣ್ಣಿಗೆ ಕಾಣುತ್ತಾನೆ, ಕಿವಿಗೆ ಕೇಳಿಸುವುದಿಲ್ಲ.

ಆ ದಿನ ಒಂದು ಗಂಟೆಗೆ ಊಟದ ಸೀಟಿ ಊದಿದರು; ಬಿಡುವು ಎರಡೂವರೆಯವರೆಗೆ. ಒಂದೂ ಐದಕ್ಕೆ ಮೇಷ್ಟ್ರು ಗೋಪುರದ ಹಿಂಬದಿಯ ಏಣಿಯನ್ನೇರಿದರು. ಕೈಯಲ್ಲಿ ಬಡಗಿಗಳ ಮೂಲೆಯಿಂದ ಎತ್ತಿಕೊಂಡ ಮೊಳದುದ್ದದ ಕಬ್ಬಿಣದ ಸ್ಪ್ಯಾನರ್ ಇತ್ತು.

ಮೊದಲ ಏಟು ರಬ್ಬರಿನ ಶಿರಸ್ತ್ರಾಣದ ಅಂಚಿಗೆ ತಗುಲಿ ಜಾರಿತು. ನಾಯಕನಟ ಮೊಣಕಾಲೂರಿ, ಹಣೆಯಿಂದ ಇಳಿದ ರಕ್ತದ ನಡುವೆ ಕಣ್ಣು ಬಿಟ್ಟು ತಿರುಗಿದ. ತುಟಿಗಳು ಆಡಿದವು. ‘ಬೇಡ ಮೇಷ್ಟ್ರೇ, ಒಂದ್ನಿಮಿಷ ಕೇಳಿ.’ ಇಪ್ಪತ್ತೆರಡು ವರ್ಷ ಆ ತುಟಿಗಳಿಗೆ ಮಾತು ತುಂಬಿದವರು ಮೊದಲ ಬಾರಿಗೆ ಮಾತು ಮುಗಿಯುವ ಮುನ್ನವೇ ಅವನ್ನು ಮುಚ್ಚಿಸಿದರು. ಎರಡನೆಯ ಏಟಿಗೆ ದವಡೆ ಮುರಿಯಿತು. ಅವನು ಕಾಲಿಗೆ ಬಿದ್ದು ತಬ್ಬಿಕೊಂಡ. ಆ ಹಿಡಿತ ಬಿಡಿಸುವುದಕ್ಕೆ ಬೆರಳುಗಳ ಮೇಲೆಯೇ ಹೊಡೆಯಬೇಕಾಯಿತು. ಆಮೇಲೆ ಎದೆಗೆ ಒದ್ದರೆ ಸಾಕಾಯಿತು. ತೇವಗೊಂಡ ರಬ್ಬರು ಹಲಗೆಯ ಮೇಲೆ ಜಾರಿತು.

ಸರಳುಗಳಲ್ಲಿ ಒಂದು ತೊಡೆಯನ್ನೂ ಒಂದು ಪಕ್ಕೆಯನ್ನೂ ಹೊಕ್ಕಿತ್ತು. ಮೇಷ್ಟ್ರು ಆತುರಪಡದೆ ಇಳಿದುಬಂದಾಗ ಅವನಿನ್ನೂ ಜೀವಂತವಾಗಿದ್ದ. ದಡಕ್ಕೆ ಬಿದ್ದ ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಿದ್ದ. ಬೀಳುವಾಗಲೂ ಒಂದು ಕೂಗು ಹಾಕಲಾರದವನು ಅಣೆಕಟ್ಟನ್ನು ನಿಲ್ಲಿಸಿದನಂತೆ! ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಕಾಂಕ್ರೀಟಿಗೆ ಮೂರು ಸಲ ಅಪ್ಪಳಿಸಿದರು. ಮೂರನೆಯದಕ್ಕೆ ಸದ್ದು ಬದಲಾಯಿತು. ಅಂಥದನ್ನು ಗುರುತಿಸುವ ಕಿವಿ ಅವರದು.

ಸ್ಪ್ಯಾನರನ್ನೂ ಕೈಗಳನ್ನೂ ಪಕ್ಕದಲ್ಲಿದ್ದ ಬಣ್ಣದ ರಕ್ತದ ಬಕೆಟ್ಟಿನಲ್ಲಿ ಅದ್ದಿದರು. ಯುದ್ಧದ ದೃಶ್ಯಕ್ಕೆಂದು ಅದನ್ನು ಹತ್ತಾರು ಲೀಟರು ಕಲಸಿಟ್ಟಿದ್ದರು. ಯಾರಾದರೊಬ್ಬರು ಅದರಲ್ಲಿ ಎಡವಿ ಬಟ್ಟೆ ಕೆಡಿಸಿಕೊಳ್ಳದ ದಿನವೇ ಇರಲಿಲ್ಲ. ಹೊರಗಿನ ನಲ್ಲಿಯಲ್ಲಿ ಎಲ್ಲವನ್ನೂ ರಾಜಾರೋಷವಾಗಿ ತೊಳೆಯುತ್ತಿದ್ದಾಗ ಬಣ್ಣ ಬಳಿಯುವವನೊಬ್ಬ ತಟ್ಟೆ ಹಿಡಿದು ಹಾದುಹೋದ.

“ಏನ್ ಮೇಷ್ಟ್ರೇ, ಕೊಲೆಗಿಲೆ ಮಾಡಿ ಬಂದ್ರಾ?”

“ಒಂದೇ ಕಣಪ್ಪ. ನಿಂದು ನಾಳೆ.”

ಅವನು ಗಹಗಹಿಸಿ ನಕ್ಕ. ಒಂದೂವರೆಗೆ ಇಲ್ಲಿ ಕಂಡರೆ ಕಾಣಲಿ. ಸಾವು ಸಂಭವಿಸಬೇಕಾಗಿದ್ದದ್ದು ಎರಡೂ ಕಾಲರ ನಂತರ.

ಎರಡಕ್ಕೆ ಹತ್ತು ನಿಮಿಷವಿರುವಾಗ ಅವರು ಮೈಕಿನ ಮುಂದೆ ಕೂತಿದ್ದರು. ಎರಡೂ ಹನ್ನೆರಡಕ್ಕೆ, “ಪೂರ್ತಿ ಒಂದ್ಸಲ ಕೇಳ್ಸಪ್ಪ, ಜೋರಾಗೇ ಇಡು,” ಎಂದರು. ಕಿವಿ ಮೈಕು ಮುಚ್ಚಿದ. ಮೇಷ್ಟ್ರು ಹಾಳೆಗಳ ಮೇಲೆ ಬಾಗಿ ತಪ್ಪು ಹುಡುಕುವವರಂತೆ ಕೂತು, ಕೊರಳಪಟ್ಟಿಯೊಳಗಿನ ಯಂತ್ರದ ಗುಂಡಿ ಒತ್ತಿದರು.

“ನಾನು ಗೋಪುರದ ಮೇಲಿದೀನಿ. ಜಿಗಿಯೋದು ಅಭ್ಯಾಸ ಮಾಡ್ತಿದೀನಿ. ಮೂರರ ತನಕ ಯಾರೂ ಈ ಕಡೆ ಬರ್ಬೇಡಿ, ಗೊತ್ತಾಯ್ತಲ್ಲ?”

ಆ ಕೊನೆಯ ‘ಗೊತ್ತಾಯ್ತಲ್ಲ’ದ ಎಳೆತ ಎಷ್ಟು ಚೆನ್ನಾಗಿ ಬಂತೆಂದರೆ, ಕೇಳಿ ಮೆಚ್ಚುವವರಿಲ್ಲವಲ್ಲ ಎಂದು ಅವರಿಗೆ ಖೇದವಾಯಿತು.

ಮೂರಕ್ಕೆ ಕಿರುಚಾಟ ಕೇಳಿಸಿತು. ಮೇಷ್ಟ್ರೂ ಎಲ್ಲರೊಂದಿಗೆ ಓಡಿದರು, ಎಲ್ಲರೊಂದಿಗೆ ತಲೆ ಚಚ್ಚಿಕೊಂಡರು. ನಾಯಕನಟನ ಅಕ್ಕ ನೆಲದ ಮೇಲೆ ಕುಸಿದಿದ್ದಳು. ಈ ಚಿತ್ರದ ನಿರ್ದೇಶಕರು ವಾಕಿ-ಟಾಕಿಯನ್ನು ಕೈಯಲ್ಲಿ ಹಿಡಿದು, ಅದು ಏನೆಂದು ತಿಳಿಯದವರಂತೆ ನೋಡುತ್ತ ನಿಂತಿದ್ದರು.

ಆರು ಗಂಟೆಗೆ ಪೊಲೀಸ್ ಅಧಿಕಾರಿಣಿಯೊಬ್ಬಳು ಧ್ವನಿಮುದ್ರಣ ಕೋಣೆಗೆ ಬಂದಳು. ಮೂವತ್ತು ದಾಟಿರದ ಹುಡುಗಿ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಳು.

“ನಿಮ್ಮ ಪೂರ್ತಿ ಹೆಸರು ಹೇಳಿ ಸಾರ್.”

ಮೇಷ್ಟ್ರು ನಿಧಾನವಾಗಿ ಹೇಳಿದರು. ಎಷ್ಟೋ ವರ್ಷಗಳ ಮೇಲೆ ಅದನ್ನೊಬ್ಬರು ಬರೆದುಕೊಳ್ಳುತ್ತಿದ್ದರು.

“ಗುಡುಗಣ್ಣನ ದನಿ ನಿಮ್ದೇ ಅಂತ ಇವತ್ತು ಗೊತ್ತಾಯ್ತು. ಚಿಕ್ಕೋಳಿದ್ದಾಗ ಹಾಗೆ ಕೂಗಿ ಪಕ್ಕದ ಮನೆ ಅಜ್ಜಿ ಕೈಲಿ ಬೈಸ್ಕೊಂಡಿದೀನಿ ಸಾರ್.”

“ನಿಮ್ಮ ವಯಸ್ಸಿನವರೆಲ್ಲ ಬೈಸ್ಕೊಂಡವರೇ ತಾಯಿ,” ಎಂದರು ಮೇಷ್ಟ್ರು, ಸಣ್ಣಗೆ ನಕ್ಕು.

“ಮೇಕಿಂಗ್ ವಿಡಿಯೋ ಅಂತ ಒಬ್ಬ ಕ್ಯಾಮೆರಾ ಇಟ್ಕೊಂಡು ತಿರುಗ್ತಾನಲ್ಲ, ವಾಕಿ-ಟಾಕೀಲಿ ಬಂದ ಈ ಮಾತು ಅವನ ಕ್ಯಾಮೆರಾದಲ್ಲಿ ಸಿಕ್ತು.” ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಎರಡೂ ಕಾಲರ ಮಾತು ಕೋಣೆಯನ್ನು ತುಂಬಿತು. “ಇದು ಯಾರ ದನಿ?”

“ಅವರದೇ. ಇಪ್ಪತ್ತೆರಡು ವರ್ಷ ಜೊತೆಗಿದ್ದವನು ನಾನು, ತಪ್ಪೋಕಾಗುತ್ತಾ?”

“ನಾನೂ ಆಣೆ ಮಾಡ್ತೀನಿ ಮೇಡಂ,” ಎಂದ ಕಿವಿ ಬಾಗಿಲಿನಿಂದ. “ಅದೇ ಮೂಗು.”

“ಎಲ್ರೂ ಹಾಗೇ ಹೇಳಿದ್ರು. ಮೂವತ್ತೊಂದು ಜನ. ನಿರ್ದೇಶಕರು ಮತ್ತೆ ಆ ಅಕ್ಕ, ಇಬ್ರನ್ನ ಬಿಟ್ಟು.”

ಆಮೇಲೆ ಅವಳು ದನಿ ಏರಿಸದೆ ಹೇಳಿದಳು: ಎರಡು ತಿಂಗಳ ಹಿಂದೆ ನಾಯಕನಟನ ಗಂಟಲಿನಲ್ಲಿ ಬೆಳೆದ ಗಂಟೊಂದನ್ನು ವೈದ್ಯರು ಕತ್ತರಿಸಿ ತೆಗೆದಿದ್ದರು, ಅದರೊಂದಿಗೆ ದನಿಯೂ ಹೋಗಿತ್ತು, ಪಿಸುಗುಡುವುದಕ್ಕೂ ಆಗುತ್ತಿರಲಿಲ್ಲ. ಹೇಗೂ ಮಾತು ತುಂಬುವವರು ಬೇರೆಯವರಿರುವುದರಿಂದ ತುಟಿಯಾಡಿಸಿ ಚಿತ್ರ ಮುಗಿಸೋಣವೆಂದು ಮೂವರೇ ಗುಟ್ಟು ಕಾಪಾಡಿಕೊಂಡಿದ್ದರು. ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. ಗೋಪುರದ ಮೇಲೆ ಅವನು ಬೇಡಿಕೊಂಡದ್ದನ್ನು ತಾವೇ ಕೇಳಿದ್ದರಲ್ಲ? ಬೇಡ ಮೇಷ್ಟ್ರೇ, ಒಂದ್ನಿಮಿಷ ಕೇಳಿ. ಆ ಮಾತು ಈಗಲೂ ಕಿವಿಯಲ್ಲಿತ್ತು, ಅಕ್ಷರ ಅಕ್ಷರವೂ ಸ್ಪಷ್ಟವಾಗಿ, ಗಂಭೀರವಾಗಿ, ಎದೆಯಾಳದಿಂದ ಬಂದ ದನಿಯಲ್ಲಿ. ಅದು ತಮ್ಮದೇ ದನಿ ಎಂದು ಗುರುತಿಸುವುದಕ್ಕೆ ಮೇಷ್ಟ್ರಿಗೆ ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಅಧಿಕಾರಿಣಿ ಮೇಜಿನ ಮೇಲಿದ್ದ ವಾಕಿ-ಟಾಕಿಯನ್ನು ಅವರ ಕಡೆಗೆ ಮೆಲ್ಲಗೆ ಸರಿಸಿದಳು. “ಇನ್ನೊಂದ್ಸಲ ಹೇಳಿ ಸಾರ್,” ಎಂದಳು. “ನಾನೂ ಕೇಳ್ಬೇಕು.”